ಮಣಕ್ಯಾತ್ ಗ್ಯಾಪ್: ಡಿಸ್ಕ್ ಉಬ್ಬಿದ ಮೇಲಿನ ಹನ್ನೆರಡು ವಾರ

ಸೊಂಟದಿಂದ ಕಾಲಿಗೆ ಇಳಿಯುವ ಈ ನೋವಿಗೆ ಮುಂಬೈಯಲ್ಲಿ ಮೂರು ಹೆಸರು. ಪಕ್ಕದ ಮನೆಯ ಮರಾಠಿಯವರು ‘ಮಣಕ್ಯಾತ್ ಗ್ಯಾಪ್’ (ಬೆನ್ನಿನ ಮಣಿಗಳಲ್ಲಿ ಗ್ಯಾಪ್) ಅನ್ನುತ್ತಾರೆ. ಲೋಕಲ್ ರೈಲಿನಲ್ಲಿ ಜೊತೆಗೆ ನಿಂತವನು ‘ನಸ್ ದಬ್ ಗಯೀ’ (ನರ ಒತ್ತಿದೆ) ಅನ್ನುತ್ತಾನೆ. ಊರಿಗೆ ಫೋನ್ ಮಾಡಿದರೆ ಸಂಜೆಯೊಳಗೆ ‘ಡಿಸ್ಕ್ ಜಾರಿದೆಯಂತೆ’ ಎಂದು ಸುದ್ದಿಯಾಗಿರುತ್ತದೆ. ಮೂರರಲ್ಲೂ ಅರ್ಧರ್ಧ ನಿಜ ಇದೆ. ಎರಡು ಮಣಿಗಳ ನಡುವೆ ಗ್ಯಾಪ್ ಹೊಸದಾಗಿ ಬೀಳುವುದಿಲ್ಲ. ಇದ್ದ ಜಾಗವೇ ವರ್ಷಗಳಲ್ಲಿ ಕಿರಿದಾಗುತ್ತದೆ. ಡಿಸ್ಕ್ ಜಾರುವುದೂ ಇಲ್ಲ, ಮೇಲಿನ ಮಣಿಗೂ ಕೆಳಗಿನ ಮಣಿಗೂ ಅದು ಬೆಸೆದುಕೊಂಡೇ ಇರುತ್ತದೆ. ನರ ಒತ್ತಿದೆ ಎಂಬ ಮಾತು ಸತ್ಯಕ್ಕೆ ಹತ್ತಿರ, ಆದರೆ ಬರೀ ಒತ್ತಿದ್ದಕ್ಕೆ ನರ ಇಷ್ಟು ಕಿರುಚುವುದಿಲ್ಲ. ಡಿಸ್ಕಿನ ಒಳಗಿನ ತಿರುಳು ನರದ ಬುಡಕ್ಕೆ ತಾಗಿದಾಗ ಅಲ್ಲಿ ಉರಿಯೂತ ಏಳುತ್ತದೆ. ಊದಿ ಕೆರಳಿದ ನರವನ್ನು ಒತ್ತಿದಾಗ ಮಾತ್ರ ಪೃಷ್ಠದಿಂದ ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದಂತಾಗುವುದು. ಸಯಾಟಿಕಾ ಅನ್ನುವುದು ಇದನ್ನೇ.

ನೋವು ಶುರುವಾಗುವ ಹೊತ್ತು ಈ ಊರಿನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆಯೇ. ಅದಕ್ಕೆ ಕಾರಣವಿದೆ.

ಡಿಸ್ಕ್ ಅಂದರೆ ಎರಡು ಮಣಿಗಳ ನಡುವಿನ ಮೆತ್ತೆ. ಬೆನ್ನುಮೂಳೆಯಲ್ಲಿ ಇಂಥವು 23 ಇವೆ. ಕುತ್ತಿಗೆಯ ಮೊದಲೆರಡು ಮಣಿಗಳ ನಡುವೆ ಮಾತ್ರ ಇಲ್ಲ. ಸೊಂಟದ ಡಿಸ್ಕಿನ ದಪ್ಪ ಸುಮಾರು ಒಂದು ಸೆಂಟಿಮೀಟರ್, ಅಗಲ ನಾಲ್ಕು ಸೆಂಟಿಮೀಟರ್‌ನಷ್ಟು. ನಡುವೆ ಲೋಳೆಸರದ ಒಳಗಿನಂಥ ತಿರುಳು. ಸುತ್ತ ಈರುಳ್ಳಿಯ ಹಾಗೆ 15ರಿಂದ 25 ಪದರದ ಗಟ್ಟಿ ಬಳೆ. ಆ ಪದರಗಳ ನಾರುಗಳು ಒಂದರಲ್ಲಿ ಎಡಕ್ಕೆ ಓರೆ, ಮುಂದಿನದರಲ್ಲಿ ಬಲಕ್ಕೆ ಓರೆ, ಚಾಪೆ ಹೆಣೆದ ಹಾಗೆ. ಹಾಗಾಗಿಯೇ ಮೇಲಿಂದ ಬೀಳುವ ಭಾರವನ್ನು ಬಳೆ ಚೆನ್ನಾಗಿ ತಡೆಯುತ್ತದೆ. ಬಗ್ಗಿಕೊಂಡು ತಿರುಗಿದಾಗ ಮಾತ್ರ ಒಂದು ದಿಕ್ಕಿನ ನಾರುಗಳೇ ಪೂರ್ತಿ ಎಳೆತ ಹೊರಬೇಕು, ಉಳಿದವು ಸಡಿಲಾಗುತ್ತವೆ. ಬಕೆಟ್ ಎತ್ತುತ್ತಲೇ ಪಕ್ಕಕ್ಕೆ ತಿರುಗುವುದು ಆ ಚಲನೆಯೇ.

ತಿರುಳಿನ ಬಹುಪಾಲು ನೀರು. ಎಳೆಯ ವಯಸ್ಸಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು. ಹಗಲಿಡೀ ನಿಂತು ಕುಳಿತು ಭಾರ ಹೊತ್ತಾಗ ನೀರು ಸ್ವಲ್ಪಸ್ವಲ್ಪ ಹೊರಗೆ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಗೋಡೆಗೆ ನಿಂತು ಗುರುತು ಹಾಕಿ ನೋಡಿ: ಬೆಳಿಗ್ಗೆ ಎದ್ದಾಗಿನ ಎತ್ತರ ರಾತ್ರಿಗಿಂತ ಒಂದೂವರೆ ಸೆಂಟಿಮೀಟರ್‌ನಷ್ಟು ಹೆಚ್ಚಿರುತ್ತದೆ. ಹಗಲಲ್ಲಿ ಕಳೆದುಕೊಳ್ಳುವ ಆ ಎತ್ತರದ ಅರ್ಧದಷ್ಟು ಹೋಗುವುದು ಎದ್ದ ಮೊದಲ ಒಂದು ಗಂಟೆಯಲ್ಲೇ. ಅಂದರೆ ಎದ್ದ ಕೂಡಲೇ ಡಿಸ್ಕ್ ತುಂಬಿದ ಟೈರಿನಂತೆ ಬಿಗಿದಿರುತ್ತದೆ. ಆಗ ಬಗ್ಗಿದರೆ ಹಿಂದಿನ ಬಳೆಯ ಮೇಲೆ ಬೀಳುವ ಎಳೆತ ಮಧ್ಯಾಹ್ನದ್ದಕ್ಕಿಂತ ಬಹಳ ಹೆಚ್ಚು. ಗಗನಯಾತ್ರಿಗಳಿಗೂ ಇದೇ ಪಾಡು. ತೂಕವಿಲ್ಲದ ಕಡೆ ಇದ್ದು ಡಿಸ್ಕ್ ಊದಿಸಿಕೊಂಡು ಬಂದವರಲ್ಲಿ ಡಿಸ್ಕ್ ಒಡೆಯುವುದು ಉಳಿದವರಿಗಿಂತ ನಾಲ್ಕು ಪಟ್ಟು ಹೆಚ್ಚು. ನಮ್ಮ ಚಾಳುಗಳಲ್ಲಿ ಗಗನಯಾನ ಬೇಕಿಲ್ಲ. ಬೆಳಗಿನ ಜಾವ ನಲ್ಲಿಗೆ ನೀರು ಬರುತ್ತದೆ, ಹಾಸಿಗೆಯಿಂದ ಎದ್ದ ಐದನೇ ನಿಮಿಷಕ್ಕೆ ಬಕೆಟ್ ಬಗ್ಗಿಸಿ ಡ್ರಮ್ಮಿಗೆ ಸುರಿಯುತ್ತಿರುತ್ತೇವೆ. ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಅದೇ ಹೊತ್ತಿಗೆ ಗ್ರೈಂಡರಿನಿಂದ ಹಿಟ್ಟಿನ ತಪ್ಪಲೆ ಇಳಿಯುತ್ತಿರುತ್ತದೆ.

ಭಾರದ ಲೆಕ್ಕವೂ ಗೊತ್ತಿರಲಿ. 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೇ ಒತ್ತಡ ಅಳೆಯುವ ಸೂಕ್ಷ್ಮ ಸಾಧನ ಇಟ್ಟು ದಿನವಿಡೀ ಅಳೆದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5. ಒರಗದೆ ಸುಮ್ಮನೆ ಕುಳಿತಾಗ 0.46, ಪೂರ್ತಿ ಮುಂದಕ್ಕೆ ಬಾಗಿ ಕುಳಿತಾಗ 0.83. 20 ಕಿಲೋ ತೂಕವನ್ನು ಬೆನ್ನು ಬಗ್ಗಿಸಿ ಎತ್ತಿದಾಗ 2.3, ಅದನ್ನೇ ಮೊಣಕಾಲು ಮಡಿಸಿ ಎತ್ತಿದಾಗ 1.7. ಎತ್ತಿದ್ದನ್ನು ಎದೆಗೆ ಒತ್ತಿ ಹಿಡಿದರೆ 1.1, ಕೈ ಚಾಚಿ 60 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ 1.8. ಒಬ್ಬನ ಮೇಲಿನ ಅಳತೆ, ನಿಜ. ಆದರೂ 20 ಲೀಟರಿನ ನೀರಿನ ಕ್ಯಾನ್ ಎತ್ತುವ ಮುಂಬೈಕರನಿಗೆ ಇದಕ್ಕಿಂತ ನೇರವಾದ ಕೋಷ್ಟಕ ಸಿಗಲಾರದು. ಇನ್ನೊಂದು ವಿಷಯ ಗಮನಿಸಿ: ಕುಳಿತದ್ದಕ್ಕೂ ನಿಂತದ್ದಕ್ಕೂ ದೊಡ್ಡ ಅಂತರ ಇಲ್ಲ. ‘ಕೂತರೆ ಬೆನ್ನು ಹಾಳು’ ಎಂದು ಎಲ್ಲರೂ ಹೇಳುವುದು ಪೂರ್ತಿ ಸರಿಯಲ್ಲ. ಹಾಳು ಮಾಡುವುದು ಕುಗ್ಗಿ ಕೂರುವುದು, ಅದೂ ಗಂಟೆಗಟ್ಟಲೆ ಅಲುಗದೆ. ಗಲ್ಲಾದ ಮೇಲೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಮೂರು ದಿನ. ನೋವು ಬಂದ ರಾತ್ರಿ ನಿದ್ದೆ ಇರುವುದಿಲ್ಲ. ಮಂಡಿಯ ಕೆಳಗೆ ಎರಡು ದಿಂಬು ಇಟ್ಟು ಅಂಗಾತ ಮಲಗುವುದು ಅಥವಾ ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗುವುದು, ಯಾವುದರಲ್ಲಿ ಕಾಲಿನ ನೋವು ಇಳಿಯುತ್ತದೋ ಅದೇ ಸರಿ. ಚಾಪೆ ಹಾಸಿ ನೆಲದ ಮೇಲೆ ಮಲಗಿ ಎಂಬ ಸಲಹೆ ಮನೆಮನೆಯಲ್ಲೂ ಸಿಗುತ್ತದೆ. ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲು ಎಂದು 2003ರಲ್ಲಿ ಸ್ಪೇನ್‌ನಲ್ಲಿ ನಡೆದ ಪರೀಕ್ಷೆ ತೋರಿಸಿದೆ. ಅದಕ್ಕಿಂತ ಮುಖ್ಯವಾಗಿ, ನೆಲದಿಂದ ಏಳುವುದೇ ಈ ದಿನಗಳಲ್ಲಿ ದೊಡ್ಡ ಹಿಂಸೆ. ಮಂಚದಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈಯಿಂದ ಒತ್ತಿ ಎದ್ದು ಕುಳಿತುಕೊಳ್ಳಿ. ನೇರ ಎದ್ದು ಕೂರಬೇಡಿ. ಸೀನು ಬಂದರೆ ಗೋಡೆಗೆ ಕೈಕೊಟ್ಟು ಸೊಂಟ ಸ್ವಲ್ಪ ಹಿಂದಕ್ಕೆ ಬಾಗಿಸಿ. ಹಲ್ಲುಜ್ಜುವಾಗ ಬೇಸಿನ್‌ಗೆ ಒಂದು ಕೈ ಊರಿ. ಸ್ನಾನದ ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟುಕೊಳ್ಳಿ. ತಂಬಿಗೆ ಹಿಡಿದು ನಲವತ್ತು ಸಲ ಬಗ್ಗುವುದು ತಪ್ಪುತ್ತದೆ. ಕಮೋಡ್ ಇಲ್ಲದ ಮನೆಯಲ್ಲಿ ಮಧ್ಯ ತೂತಿರುವ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೂ ಸಿಗುತ್ತದೆ, ಎರಡು ವಾರಕ್ಕೆ ತರಿಸಿ.

ಮಲಗಿಯೇ ಇರುವುದು ಮಾತ್ರ ಬೇಡ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೊರಗುತ್ತವೆ, ಗುಣ ತಡವಾಗುತ್ತದೆ. ಡಿಸ್ಕಿಗೆ ಸ್ವಂತ ರಕ್ತನಾಳವಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ವಯಸ್ಕರ ದೇಹದಲ್ಲಿ ರಕ್ತನಾಳವಿಲ್ಲದ ಅತಿ ದೊಡ್ಡ ಭಾಗ ಇದೇ. ಅದಕ್ಕೆ ಊಟ ಬರುವುದು ಮೇಲಿನ ಕೆಳಗಿನ ಮಣಿಗಳ ಅಂಚಿನ ಮೃದ್ವಸ್ಥಿಯ ಮೂಲಕ ಒಸರಿ. ಭಾರ ಬಿದ್ದು ಇಳಿದು, ಬಿದ್ದು ಇಳಿದು ಆಗುತ್ತಿದ್ದರೆ ದ್ರವದ ಓಡಾಟ ಚೆನ್ನಾಗಿರುತ್ತದೆ. ಹಾಗಾಗಿ ಮನೆಯೊಳಗೇ ಐದು ನಿಮಿಷದ ನಡಿಗೆ, ದಿನಕ್ಕೆ ಐದಾರು ಸಲ, ಎರಡನೇ ದಿನದಿಂದಲೇ ಶುರುವಾಗಲಿ.

ಈಗ ಕಾಲನ್ನು ವಿಚಾರಿಸಬೇಕು. ಎಂಆರ್‌ಐಗಿಂತ ಮೊದಲು, ಅದಕ್ಕಿಂತ ಹೆಚ್ಚಾಗಿ, ಕಾಲು ಹೇಳುತ್ತದೆ. ಸೊಂಟದ ಡಿಸ್ಕ್ ತೊಂದರೆಗಳಲ್ಲಿ ನೂರಕ್ಕೆ 95ರಷ್ಟು ಕೊನೆಯ ಎರಡು ಡಿಸ್ಕ್‌ಗಳಲ್ಲೇ: ಎಲ್4-ಎಲ್5 ಮತ್ತು ಎಲ್5-ಎಸ್1. ಎಲ್ ಅಂದರೆ ಸೊಂಟದ ಮಣಿ, ಎಸ್ ಅಂದರೆ ಅದರ ಕೆಳಗಿನ ತ್ರಿಕಾಸ್ಥಿ, ಅಂಕಿ ಮೇಲಿನಿಂದ ಎಣಿಕೆ. ಹಿಂಬದಿ ಓರೆಯಾಗಿ ಉಬ್ಬಿದಾಗ ಮೊದಲನೆಯದು ಸಾಮಾನ್ಯವಾಗಿ ಎಲ್5 ನರವನ್ನು, ಎರಡನೆಯದು ಎಸ್1 ನರವನ್ನು ಹಿಡಿಯುತ್ತದೆ. ಎಲ್5 ಆದರೆ ನೋವು ಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿನ ಕಡೆಗೆ ಇಳಿಯುತ್ತದೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ಕಡಿಮೆಯಾಗುತ್ತದೆ, ಹಿಮ್ಮಡಿಯ ಮೇಲೆ ನಡೆಯಲು ಹೋದರೆ ಆ ಪಾದ ಸೋಲುತ್ತದೆ. ಎಸ್1 ಆದರೆ ಮೀನಖಂಡದ ಹಿಂದೆ, ಪಾದದ ಹೊರ ಅಂಚು, ಕಿರುಬೆರಳು. ತುದಿಗಾಲಲ್ಲಿ ಒಂಟಿ ಕಾಲಿನ ಮೇಲೆ ಹತ್ತು ಸಲ ಏಳಲಾಗುವುದಿಲ್ಲ, ಹಿಮ್ಮಡಿಯ ಸುತ್ತಿಗೆ ಪೆಟ್ಟಿಗೆ ಪಾದ ಹಾರುವುದಿಲ್ಲ. ಇನ್ನೂ ಮೇಲಿನ ಎಲ್4 ನರವಾದರೆ ಮಂಡಿಯ ಕೆಳಗೆ ಕಾಲಿನ ಒಳಬದಿ ಮರಗಟ್ಟುತ್ತದೆ, ಮೆಟ್ಟಿಲಿಳಿಯುವಾಗ ಮಂಡಿ ಕುಸಿಯುತ್ತದೆ.

ಅಂಗಾತ ಮಲಗಿ, ಮಂಡಿ ಮಡಿಸದೆ ಇನ್ನೊಬ್ಬರು ನಿಧಾನ ಕಾಲೆತ್ತಲಿ. 30ರಿಂದ 70 ಡಿಗ್ರಿಯ ನಡುವೆ ಮಂಡಿಯ ಕೆಳಗಿನವರೆಗೆ ಮಿಂಚು ಹರಿದರೆ ನರದ ಬುಡ ಕೆರಳಿದೆ ಎನ್ನಲು ಬಲವಾದ ಸೂಚನೆ. ತೊಡೆಯ ಹಿಂದೆ ಬರೀ ಎಳೆದಂತಾದರೆ ಅದು ಸ್ನಾಯು, ಎಲ್ಲರಿಗೂ ಆಗುವುದೇ. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲಿನಲ್ಲಿ ಮಿಂಚು ಬಂದರಂತೂ ಡಿಸ್ಕ್ ಎಂಬುದು ಹೆಚ್ಚುಕಡಿಮೆ ಖಚಿತ.

ಡಿಸ್ಕ್ ನೋವಿನಂತೆಯೇ ಕಾಣುವ ವೇಷಧಾರಿ ಕಾಯಿಲೆಗಳೂ ಇವೆ. ಹಿಂಜೇಬಿನ ದಪ್ಪ ಪಾಕೀಟಿನ ಮೇಲೆ ವರ್ಷಗಟ್ಟಲೆ ಕುಳಿತರೆ ಪೃಷ್ಠದಲ್ಲೇ ನರ ಒತ್ತುತ್ತದೆ. ಪಾಕೀಟು ತೆಗೆದರೆ ಅರ್ಧ ಕಾಯಿಲೆ ಹೋಗುತ್ತದೆ. ಎರಡೂ ಪಾದ ಸಮನಾಗಿ ಉರಿಯುತ್ತಿದ್ದರೆ ಸಕ್ಕರೆ, ಬಿ12 ನೋಡಿಸಿ. ಅರವತ್ತು ದಾಟಿದವರಿಗೆ ಹತ್ತು ನಿಮಿಷ ನಡೆದರೆ ಎರಡೂ ಕಾಲು ಭಾರ, ಕುಳಿತರೆ ಅಥವಾ ಮುಂದಕ್ಕೆ ಬಾಗಿ ಕಂಬಿ ಹಿಡಿದು ನಿಂತರೆ ಆರಾಮ ಅಂದರೆ ಅದು ನರದ ಕೊಳವೆಯೇ ಕಿರಿದಾದದ್ದು. ಅವರಿಗೆ ಮುಂದೆ ಹೇಳುವ ಹಿಂದಕ್ಕೆ ಬಾಗಿಸುವ ವ್ಯಾಯಾಮ ತಿರುಗುಬಾಣವಾಗುತ್ತದೆ.

ಕಾಯಬಾರದ ಸಂದರ್ಭಗಳನ್ನು ಇಲ್ಲೇ ಹೇಳಿಬಿಡಬೇಕು. ಬೆನ್ನುಹುರಿ ಸೊಂಟದ ಒಂದನೇ ಎರಡನೇ ಮಣಿಯ ಬಳಿಯೇ ಮುಗಿಯುತ್ತದೆ. ಅದರ ಕೆಳಗೆ ಕುದುರೆಬಾಲದಂತೆ ನರಗಳ ಗೊಂಚಲು. ದೊಡ್ಡ ಡಿಸ್ಕ್ ತುಂಡು ಆ ಗೊಂಚಲನ್ನೇ ಅದುಮಿದರೆ ಮೂತ್ರ ಕಟ್ಟುತ್ತದೆ ಇಲ್ಲವೇ ತಿಳಿಯದೆ ಹೋಗುತ್ತದೆ, ಸೈಕಲ್ ಸೀಟು ತಾಗುವ ಜಾಗ ಪೂರ್ತಿ ಮರಗಟ್ಟುತ್ತದೆ, ಎರಡೂ ಕಾಲು ಸೋಲುತ್ತವೆ. ಒರೆಸಿಕೊಂಡಾಗ ಸ್ಪರ್ಶ ಗೊತ್ತಾಗದಿದ್ದರೆ ಅದೇ ಗುರುತು. ಅದೇ ರಾತ್ರಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಪರೇಲಿನ ಕೆಇಎಂ ಆಗಲಿ ಸಯನ್ ಆಸ್ಪತ್ರೆಯಾಗಲಿ ಮನೆಗೆ ಹತ್ತಿರದ ಇನ್ಯಾವುದೇ ಆಗಲಿ, ಸೋಮವಾರದ ಓಪಿಡಿಗೆ ಕಾಯಬಾರದು. ಶಸ್ತ್ರಚಿಕಿತ್ಸೆ 48 ಗಂಟೆಯೊಳಗೆ ಆದಷ್ಟೂ ಮೂತ್ರದ ಹತೋಟಿ ಮರಳುವ ಸಾಧ್ಯತೆ ಹೆಚ್ಚು. ಪಾದ ಎತ್ತಲಾಗದೆ ಚಪ್ಪಲಿ ಎಳೆದುಕೊಂಡು ನಡೆಯುವಂತಾದರೆ, ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಅದೂ ದಿನಗಳ ಲೆಕ್ಕದ ತುರ್ತು. ಇನ್ನೊಂದು ಬಗೆ ಬೇರೆ: ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು. ಕ್ಷಯ ಬೆನ್ನುಮೂಳೆಗೂ ಬರುತ್ತದೆ, ಮಣಿಯ ಅಂಚು ತಿಂದು ಡಿಸ್ಕಿಗೆ ಹಬ್ಬುತ್ತದೆ. ಈ ಊರಿನಲ್ಲಿ ಅದನ್ನು ‘ಸೊಂಟ ಉಳುಕು’ ಎಂದು ಮಾಲೀಶ್ ಮಾಡಿಸುತ್ತಾ ಕೂರುವುದು ಅಪಾಯ.

ಇವು ಯಾವುವೂ ಇಲ್ಲವೆಂದರೆ ಮೊದಲ ಆರು ವಾರ ಎಂಆರ್‌ಐ ಬೇಕಿಲ್ಲ. ಎಕ್ಸ್‌ರೇ ತೆಗೆಸಿದರೆ ಡಿಸ್ಕ್ ಕಾಣುವುದೇ ಇಲ್ಲ, ಮಣಿಗಳ ನಡುವಿನ ಖಾಲಿ ಜಾಗ ಮಾತ್ರ ಕಾಣುತ್ತದೆ. ‘ಗ್ಯಾಪ್’ ಎಂಬ ಪದ ಬಂದದ್ದೂ ಬಹುಶಃ ಆ ಫಿಲ್ಮಿನಿಂದಲೇ. ಆರು ವಾರವಾದರೂ ಕಾಲು ನೋವು ಬಿಡದಿದ್ದರೆ, ಇಂಜೆಕ್ಷನ್ ಅಥವಾ ಆಪರೇಷನ್ ಯೋಚನೆ ಬಂದಿದ್ದರೆ ಆಗ ಎಂಆರ್‌ಐ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಹಳೆಯ ಲೋಹದ ಚೂರು ಇದ್ದರೆ ಬುಕಿಂಗ್ ಮಾಡುವಾಗಲೇ ಹೇಳಿ. ತಾಳಿ, ಬಳೆ, ಬೆಲ್ಟ್ ಎಲ್ಲ ಹೊರಗೆ. ಅರ್ಧ ಗಂಟೆ ಕೊಳವೆಯೊಳಗೆ ಅಲುಗದೆ ಅಂಗಾತ ಇರಬೇಕು. ನೋವಿಗೆ ಅದೇ ಆಗದ ಭಂಗಿಯಾದರೆ ಮಂಡಿಯ ಕೆಳಗೆ ದಿಂಬು ಕೇಳಿ ಪಡೆಯಿರಿ, ಕೊಡುತ್ತಾರೆ. ಸಿಡಿಯನ್ನೂ ಇಸಿದುಕೊಳ್ಳಿ. ಬರೀ ಕಾಗದ ಸಾಲದು, ಸರ್ಜನ್ ಚಿತ್ರವನ್ನೇ ನೋಡಬೇಕು.

ರಿಪೋರ್ಟ್ ಕೈಗೆ ಬಂದ ದಿನ ಮನೆಯಲ್ಲಿ ಸೂತಕದ ಕಳೆ. ಇಷ್ಟುದ್ದ ಕಾಗದ, ಪ್ರತಿ ಸಾಲಿನಲ್ಲೂ ಒಂದು ಅನಾಹುತ. ಆ ಪದಗಳಿಗೆ ಅಳತೆಯ ಅರ್ಥವಿದೆ. ‘ಬಲ್ಜ್’ ಅಂದರೆ ಡಿಸ್ಕಿನ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು ಕಡೆ ಸ್ವಲ್ಪ ಹೊರಚಾಚಿದೆ, ಗಾಳಿ ಕಡಿಮೆಯಾದ ಟೈರಿನಂತೆ. ‘ಪ್ರೊಟ್ರೂಷನ್’ ಅಂದರೆ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಉಬ್ಬಿದೆ, ಉಬ್ಬಿನ ಬುಡ ಅದರ ತಲೆಗಿಂತ ಅಗಲ. ‘ಎಕ್ಸ್‌ಟ್ರೂಷನ್’ ಅಂದರೆ ತಲೆ ಬುಡಕ್ಕಿಂತ ದೊಡ್ಡದಾಗಿ ಹೊರಬಂದಿದೆ, ಅಣಬೆಯ ಹಾಗೆ. ‘ಸೀಕ್ವೆಸ್ಟ್ರೇಷನ್’ ಅಂದರೆ ತುಂಡು ಕಳಚಿ ಬೇರೆಯಾಗಿದೆ. ಓದುವಾಗ ಭಯ ಏರುತ್ತಾ ಹೋಗುವುದು ಸಹಜ. ವಿಚಿತ್ರವೆಂದರೆ ಗುಣವಾಗುವ ಕ್ರಮ ಇದಕ್ಕೆ ತಲೆಕೆಳಗು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಾನಾಗಿ ಕರಗಿದ್ದು ಕಳಚಿದ ತುಂಡುಗಳಲ್ಲಿ ನೂರಕ್ಕೆ 96, ಎಕ್ಸ್‌ಟ್ರೂಷನ್‌ನಲ್ಲಿ 70, ಪ್ರೊಟ್ರೂಷನ್‌ನಲ್ಲಿ 41, ಬಲ್ಜ್‌ನಲ್ಲಿ ಬರೀ 13. ಬಳೆ ದಾಟಿ ಹೊರಬಿದ್ದ ತಿರುಳನ್ನು ದೇಹ ಪರಕೀಯ ವಸ್ತುವೆಂದು ಬಗೆದು, ರಕ್ತನಾಳ ಬೆಳೆಸಿ, ಕಸ ತಿನ್ನುವ ಕಣಗಳನ್ನು ಕಳಿಸಿ ತಿಂದು ಮುಗಿಸುತ್ತದೆ. ಬಳೆಯೊಳಗೇ ಉಳಿದ ಉಬ್ಬಿಗೆ ಆ ಭಾಗ್ಯವಿಲ್ಲ. ಹಾಗೆಂದು ಪ್ರೊಟ್ರೂಷನ್ ಕರಗದಿದ್ದರೆ ನೋವು ಹೋಗುವುದಿಲ್ಲ ಎಂದಲ್ಲ. ಉರಿಯೂತ ಇಳಿದರೆ ಉಬ್ಬು ಅಲ್ಲೇ ಇದ್ದರೂ ನರ ಸುಮ್ಮನಾಗುತ್ತದೆ.

‘ಡಿಸ್ಕ್ ಡೆಸಿಕೇಷನ್’ (ಒಣಗುವಿಕೆ), ‘ಡಿಜನರೇಷನ್’ (ಸವೆತ) ಎಂಬ ಪದಗಳು ರಿಪೋರ್ಟಿನಲ್ಲಿ ಇಲ್ಲದಿದ್ದರೆ ಆಶ್ಚರ್ಯ. ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ನೀರು ಕಳೆದುಕೊಂಡ ಡಿಸ್ಕ್ ಕಪ್ಪು. ನೀರು ಹಿಡಿದಿಡುವ ಪ್ರೋಟೀನ್ ವಯಸ್ಸಾದಂತೆ ಒಡೆಯುತ್ತದೆ, ಅಂಚಿನ ಮೃದ್ವಸ್ಥಿ ಗಟ್ಟಿಯಾಗಿ ಊಟದ ದಾರಿ ಮುಚ್ಚುತ್ತದೆ, ಡಿಸ್ಕ್ ತೆಳುವಾಗುತ್ತದೆ, ಹಿಂದಿನ ಸಣ್ಣ ಕೀಲುಗಳ ಮೇಲೆ ಭಾರ ಬೀಳುತ್ತದೆ, ಮಣಿಗಳ ಅಂಚಿನಲ್ಲಿ ಎಲುಬಿನ ತುಟಿ ಬೆಳೆಯುತ್ತದೆ. ಕೂದಲು ಬೆಳ್ಳಗಾದ ಹಾಗೆ ಇದೂ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ನೋಡಿದ 2015ರ ಇನ್ನೊಂದು ವಿಶ್ಲೇಷಣೆಯಲ್ಲಿ ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಗೆ ಡಿಜನರೇಷನ್ ಇತ್ತು, ಐವತ್ತರವರಲ್ಲಿ 80, ಎಂಬತ್ತರವರಲ್ಲಿ 96. ಪ್ರೊಟ್ರೂಷನ್ ಕೂಡ ಇಪ್ಪತ್ತರಲ್ಲಿ 29, ಐವತ್ತರಲ್ಲಿ 36. ಅವರಾರಿಗೂ ಬೆನ್ನು ನೋವಿರಲಿಲ್ಲ. ಆದ್ದರಿಂದ ರಿಪೋರ್ಟಿನಲ್ಲಿ ಬರೆದ ಬದಿ ಮತ್ತು ನರ, ಕಾಲು ಹೇಳುವ ಬದಿ ಮತ್ತು ನರಕ್ಕೆ ತಾಳೆಯಾದರೆ ಮಾತ್ರ ಆ ಸಾಲಿಗೆ ಬೆಲೆ. ಎಡಗಾಲು ನೋಯುವಾಗ ರಿಪೋರ್ಟ್ ಬಲಬದಿಯ ಉಬ್ಬು ತೋರಿಸಿದರೆ ಆ ಉಬ್ಬನ್ನು ಅದರ ಪಾಡಿಗೆ ಬಿಡಿ.

ಯಾಕೆ ನನಗೇ ಬಂತು ಅನ್ನುವವರಿಗೆ: ಫಿನ್‌ಲೆಂಡಿನ ಅವಳಿಗಳ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ಒಬ್ಬ ಭಾರ ಹೊರುವವ, ಇನ್ನೊಬ್ಬ ಮೇಜಿನ ಕೆಲಸದವ, ಆದರೂ ಡಿಸ್ಕ್‌ಗಳು ಒಂದೇ ರೀತಿ ಸವೆದಿದ್ದವು. ವಂಶದ ಪಾಲು ಕೆಲಸದ ಪಾಲಿಗಿಂತ ದೊಡ್ಡದು. ಬೀಡಿ ಸಿಗರೇಟು ಮಾತ್ರ ಖಂಡಿತ ಕೆಡಿಸುತ್ತದೆ, ಮೊದಲೇ ಕಿರಿದಾದ ಊಟದ ದಾರಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ.

ವ್ಯಾಯಾಮಕ್ಕೆ ಬರೋಣ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಝಿ 1950ರ ದಶಕದಲ್ಲಿ ಅಕಸ್ಮಾತ್ ಕಂಡುಕೊಂಡದ್ದು ಈಗಲೂ ದಾರಿ ತೋರುವ ನಿಯಮ. ಅವರ ರೋಗಿಯೊಬ್ಬ, ತಲೆಭಾಗ ಏರಿಸಿಟ್ಟಿದ್ದ ಮೇಜಿನ ಮೇಲೆ ತಪ್ಪಾಗಿ ಬೋರಲು ಮಲಗಿ, ಸೊಂಟ ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಐದು ನಿಮಿಷ ಇದ್ದು, ಕಾಲು ನೋವು ಹೋಯಿತೆಂದು ಎದ್ದ. ನಿಯಮ ಇಷ್ಟು: ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಪೃಷ್ಠಕ್ಕೆ, ಸೊಂಟಕ್ಕೆ ಏರುತ್ತಾ ಬಂದರೆ ಒಳ್ಳೆಯದು, ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಸರಿ. ಕೆಳಗಿಳಿಯುತ್ತಾ ಹೋದರೆ ಆ ಚಲನೆ ನಿಮ್ಮದಲ್ಲ, ನಿಲ್ಲಿಸಿ. ಮೊದಲ ವಾರ ಬರೀ ಬೋರಲು ಮಲಗಿ ಎರಡು ಮೂರು ನಿಮಿಷ. ಸಹಿಸಿದರೆ ಮೊಣಕೈ ಊರಿ ಎದೆಯೆತ್ತಿ ಎರಡು ನಿಮಿಷ. ಆಮೇಲೆ ಅಂಗೈ ಊರಿ ಮೇಲಕ್ಕೆ, ಸೊಂಟ ಚಾಪೆಗೆ ಅಂಟಿಕೊಂಡೇ ಇರಲಿ, ಪೃಷ್ಠದ ಸ್ನಾಯು ಸಡಿಲ. ಹತ್ತು ಸಲ, ಎರಡು ಗಂಟೆಗೊಮ್ಮೆ. ಹೆಚ್ಚಿನವರು ತಪ್ಪುವುದು ಎರಡು ಕಡೆ: ಸೊಂಟ ಎತ್ತಿ ದಂಡ ಹೊಡೆಯುತ್ತಾರೆ, ಬೆಳಿಗ್ಗೆ ಒಮ್ಮೆ ಮಾಡಿ ದಿನವಿಡೀ ಕುಗ್ಗಿ ಕೂರುತ್ತಾರೆ. ಹತ್ತು ಸಲ ಮಾಡಿದ್ದನ್ನು ಹತ್ತು ನಿಮಿಷದ ಸೋಫಾ ಅಳಿಸಿಹಾಕುತ್ತದೆ. ಮೈ ಒಂದು ಬದಿಗೆ ವಾಲಿ ಅಂಗಿ ಓರೆಯಾಗಿ ಕಾಣುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು: ಭುಜ ಯಾವ ಕಡೆಗೆ ವಾಲಿದೆಯೋ ಆ ಭುಜ ಗೋಡೆಗೆ ಕೊಟ್ಟು ನಿಂತು, ಸೊಂಟವನ್ನು ಕೈಯಿಂದ ಗೋಡೆಯ ಕಡೆಗೆ ನಿಧಾನ ತಳ್ಳುವುದು. ನೇರವಾಗದೆ ಹಿಂದಕ್ಕೆ ಬಾಗಿಸಿದರೆ ನೋವು ಕಾಲಿಗೇ ಇಳಿಯುತ್ತದೆ.

ಮೂರನೇ ನಾಲ್ಕನೇ ವಾರಕ್ಕೆ ಕಾಲು ಸ್ವಲ್ಪ ತಣ್ಣಗಾದ ಮೇಲೆ ಸ್ನಾಯು ಬಲ. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಡುವ ಮೂರು ಸಾಕು. ಅಂಗಾತ ಮಲಗಿ ಒಂದು ಮಂಡಿ ಮಡಿಸಿ, ಅಂಗೈಗಳನ್ನು ಸೊಂಟದ ಕಮಾನಿನ ಕೆಳಗಿಟ್ಟು ತಲೆ ಭುಜ ಎರಡು ಬೆರಳಷ್ಟೇ ಎತ್ತುವುದು. ಮಗ್ಗುಲಾಗಿ ಮೊಣಕೈ ಮತ್ತು ಮಂಡಿಯ ಮೇಲೆ ಸೊಂಟ ಎತ್ತುವುದು. ನಾಲ್ಕು ಕಾಲಲ್ಲಿ ನಿಂತು ಎಡಗೈ ಬಲಗಾಲು, ಬಲಗೈ ಎಡಗಾಲು ಚಾಚುವುದು. ಪ್ರತಿಯೊಂದೂ ಹತ್ತು ಸೆಕೆಂಡ್ ಹಿಡಿತ; ಮೊದಲ ಸುತ್ತು ಆರು ಸಲ, ಆಮೇಲೆ ನಾಲ್ಕು, ಆಮೇಲೆ ಎರಡು. ಎದ್ದ ಒಂದು ಗಂಟೆಯೊಳಗೆ ಯಾವುದೂ ಬೇಡ. ಸೂರ್ಯನಮಸ್ಕಾರದ ಅಭ್ಯಾಸವಿರುವವರು ಭುಜಂಗಾಸನ ಚೆನ್ನಾಗಿ ಮಾಡುತ್ತಾರೆ, ಮುಂದೆ ಬಗ್ಗಿ ಪಾದ ಮುಟ್ಟುವುದನ್ನು ಮಾತ್ರ ಬಿಡಲೊಲ್ಲರು. ಮೂರು ತಿಂಗಳು ಬಿಡಬೇಕು.

ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆಯುವ ಟ್ರ್ಯಾಕ್ಷನ್‌ಗೆ ದಿನಾ ಹೋಗಿ ಮಲಗುವುದರಿಂದ ಹೆಚ್ಚಿನ ಉಪಕಾರ ಪರೀಕ್ಷೆಗಳಲ್ಲಿ ಕಂಡಿಲ್ಲ. ಕಮರ್‌ಪಟ್ಟಾ (ಸೊಂಟದ ಬೆಲ್ಟ್) ಪ್ರಯಾಣಕ್ಕೆ, ಒಂದೆರಡು ವಾರಕ್ಕೆ ಸರಿ.

ಔಷಧಿಯಲ್ಲಿ ನೋವು ನಿವಾರಕ ಗುಳಿಗೆಗಳು ಮೊದಲ ದಿನಗಳನ್ನು ದಾಟಿಸುತ್ತವೆ. ಆದರೆ ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ದವರು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ನುಂಗುವ ವಸ್ತುವಲ್ಲ. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಚೀಟಿಯಲ್ಲಿ ಬಹಳ ಕಾಣುತ್ತದೆ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ದೊಡ್ಡ ಪರೀಕ್ಷೆಯಲ್ಲಿ ಸಯಾಟಿಕಾಕ್ಕೆ ಅದು ಔಷಧವೇ ಇಲ್ಲದ ಹುಸಿ ಗುಳಿಗೆಗಿಂತ ಮೇಲಾಗಲಿಲ್ಲ, ತಲೆತಿರುಗು ಮಾತ್ರ ಹೆಚ್ಚಿತ್ತು. ತಲೆತಿರುಗು ಇರುವವನು ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನೇತಾಡುವುದನ್ನು ಯೋಚಿಸಿ. ಡಾಕ್ಟರಿಗೆ ನೀವು ಹೇಗೆ ಕೆಲಸಕ್ಕೆ ಹೋಗುತ್ತೀರಿ ಎಂದು ಹೇಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸದೆ ಕೇಳಿ ಇಳಿಸಿ. ನರದ ಬುಡಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಆರಾಮ ಕೊಡಬಹುದು, ಡಿಸ್ಕನ್ನು ಸರಿಮಾಡುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ.

ಆಪರೇಷನ್ ಎಂದರೆ ಡಿಸ್ಕ್ ಪೂರ್ತಿ ತೆಗೆಯುವುದೆಂದು ಜನ ತಿಳಿದಿದ್ದಾರೆ. ಮೈಕ್ರೋಡಿಸ್ಕೆಕ್ಟಮಿ ಎಂಬ ಈ ಆಪರೇಷನ್ನಿನಲ್ಲಿ ಎರಡು ಮೂರು ಸೆಂಟಿಮೀಟರ್ ಗಾಯ, ನರಕ್ಕೆ ಒತ್ತಿದ ತುಂಡು ಮಾತ್ರ ಹೊರಗೆ. ಅದೇ ದಿನ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಡಿಸ್ಕ್ ಹೀಗೂ ಒಡೆದು ನರ ಹಿಡಿಯುತ್ತದೆ ಎಂದು ಮಿಕ್ಸ್‌ಟರ್ ಮತ್ತು ಬಾರ್ ಎಂಬ ಬಾಸ್ಟನ್ನಿನ ಇಬ್ಬರು ಸರ್ಜನ್‌ಗಳು ತೋರಿಸಿದ್ದು 1934ರಲ್ಲಿ. ಈಗ ಕ್ರಮ ಸೂಕ್ಷ್ಮವಾಗಿದೆ, ಉದ್ದೇಶ ಅದೇ. ಅದು ಕಾಲು ನೋವಿನ ಆಪರೇಷನ್, ಸೊಂಟ ನೋವಿನದಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳದವರೇ ಆಮೇಲೆ ‘ಆಪರೇಷನ್ ಫೇಲ್’ ಅನ್ನುವುದು. ನೆದರ್‌ಲೆಂಡ್ಸ್‌ನಲ್ಲಿ 283 ಮಂದಿಯ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೇಗ ಆಪರೇಷನ್ ಮಾಡಿಸಿಕೊಂಡವರ ಕಾಲು ನೋವು, ಆಪರೇಷನ್ ಇಲ್ಲದೆ ಕಾದು ನೋಡಿದ ಗುಂಪಿಗಿಂತ ಬೇಗ ಹೋಯಿತು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು. ಕಾಯುವ ಗುಂಪಿನ 39 ಪ್ರತಿಶತ ಮಾತ್ರ ನಡುವೆ ತಾಳಲಾಗದೆ ಆಪರೇಷನ್ನಿಗೆ ಬಂದರು. ಹಾಗಾಗಿ ಪಾದದ ಬಲ ಸರಿಯಿದ್ದರೆ ಇದು ನಿಮ್ಮ ತಾಳ್ಮೆ, ರಜೆ ಮತ್ತು ದುಡ್ಡಿನ ಲೆಕ್ಕ. ಅವಸರ ಮಾಡಿಸುವವರ ಮುಂದೆ ಎರಡನೇ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ತುಂಡು ಮತ್ತೆ ಹೊರಬರುವುದು ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಉಂಟು.

ಕೆಲಸಕ್ಕೆ ಮರಳುವ ದಿನ ಉಪನಗರ ಡೊಂಬಿವಲಿಯಿಂದ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಗಂಟೆಗೂ ಮೀರಿದ ದಾರಿ. ಮೊದಲೆರಡು ವಾರ ಪೀಕ್ ಹೊತ್ತು ತಪ್ಪಿಸಿ, ಹತ್ತರ ನಂತರದ ಸ್ಲೋ ಹಿಡಿಯಿರಿ. ಸೀಟು ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ. ಎದ್ದರೆ ಸೀಟು ಹೋಗುತ್ತದೆ, ಹೋಗಲಿ. ಮೂರು ಜನರ ಬೆಂಚಿನ ತುದಿಯ ‘ಚೌಥೀ ಸೀಟ್’ ಮಾತ್ರ ಬೇಡವೇ ಬೇಡ. ಅರ್ಧ ಪೃಷ್ಠ ಊರಿ, ಒಂದು ಕಾಲು ದಾರಿಗೆ ಕೊಟ್ಟು, ಮೈ ತಿರುಚಿ ಗಂಟೆಗಟ್ಟಲೆ ಕೂರುವ ಆ ಭಂಗಿಗಿಂತ ಬಾಗಿಲಿನಿಂದ ಒಳಗೆ ಕಂಬಿಗೆ ಒರಗಿ ನಿಲ್ಲುವುದು ಎಷ್ಟೋ ವಾಸಿ. ಬ್ಯಾಗ್ ಎದೆಗೆ ಹಾಕಿಕೊಳ್ಳುವ ನಮ್ಮೂರ ರೂಢಿಯೂ, ಒಳಗೆ ಹೆಚ್ಚು ತೂಕ ಇಲ್ಲದಿದ್ದರೆ, ಸರಿಯೇ. ರಿಕ್ಷಾದಲ್ಲಿ ನಡುವೆ ಕುಳಿತು ಕೈಯಿಂದ ಭಾರ ಹಂಚಿ, ಬಸ್ಸಿನ ಹಿಂದಿನ ಸೀಟು ಬಿಡಿ. ಕುಳಿತ ಮೈಯ ಬೆನ್ನುಮೂಳೆ ಸೆಕೆಂಡಿಗೆ ನಾಲ್ಕರಿಂದ ಆರು ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತದೆ, ವಾಹನದ ಕುಲುಕಾಟವೂ ಬಹುಮಟ್ಟಿಗೆ ಅದೇ ಲಯದ್ದು.

ತವಾದ ಮುಂದೆ ನಿಲ್ಲುವವರು ಒಂದು ಕಾಲಿನ ಕೆಳಗೆ ಆರಂಗುಲದ ಪೀಠ ಇಟ್ಟು ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸಲಿ. ಹಿಟ್ಟನ್ನು ಒಂದೇ ತಪ್ಪಲೆಯಲ್ಲಿ ಇಳಿಸುವ ಬದಲು ಎರಡು ಸಲ ಹೊರಲಿ. ತುಂಬಿದ ಮನೆ ಸಿಲಿಂಡರಿನ ಒಟ್ಟು ತೂಕ 30 ಕಿಲೋ ಹತ್ತಿರ. ಎತ್ತುವುದಲ್ಲ, ಬುಡದ ಅಂಚಿನ ಮೇಲೆ ಓರೆ ಮಾಡಿ ಉರುಳಿಸುವುದು. ಹತ್ತನೇ ವಾರದ ಹೊತ್ತಿಗೆ ಎತ್ತುವ ಅಭ್ಯಾಸ ಮತ್ತೆ ಶುರುವಾಗಬೇಕು, ಹೆದರಿ ಬಿಟ್ಟರೆ ಬೆನ್ನು ಇನ್ನಷ್ಟು ಸೊರಗುತ್ತದೆ. ಕಸಬರಿಗೆಯ ಕೋಲೊಂದನ್ನು ಬೆನ್ನಿಗೆ ಹಿಡಿದು ಬಾಗಿ: ಕೋಲು ತಲೆ, ಬೆನ್ನಿನ ನಡು, ಪೃಷ್ಠದ ಮೇಲಿನ ಮೂಳೆ ಮೂರನ್ನೂ ತಾಗಿಕೊಂಡೇ ಇರಬೇಕು. ಒಂದು ಬಿಟ್ಟರೂ ಬಾಗಿದ್ದು ಸೊಂಟ, ತೊಡೆಯ ಸಂದಲ್ಲ. ಇದು ಬಂದ ಮೇಲೆ ಐದು ಲೀಟರಿನ ಕ್ಯಾನ್, ವಾರ ಬಿಟ್ಟು ಹತ್ತು, ಹನ್ನೆರಡನೇ ವಾರಕ್ಕೆ ಇಪ್ಪತ್ತು. ಪ್ರತಿ ಸಲ ಎತ್ತಿದ ಮರುದಿನ ಬೆಳಿಗ್ಗೆ ಕಾಲನ್ನು ಕೇಳಿ. ನೋವು ಮಂಡಿಯ ಕೆಳಗೆ ಇಳಿದಿಲ್ಲವಾದರೆ ಮುಂದಿನ ಕ್ಯಾನ್, ಇಳಿದಿದ್ದರೆ ಹಿಂದಿನದಕ್ಕೆ ವಾಪಸ್. ನಲ್ಲಿಯ ನೀರು ಮಾತ್ರ ಇನ್ನೂ ಕೆಲವು ತಿಂಗಳು ಮನೆಯಲ್ಲಿ ಬೇರೆಯವರು ಹಿಡಿಯಲಿ. ಬೇರೆ ಯಾರೂ ಇಲ್ಲದಿದ್ದರೆ ನಲ್ಲಿಗೆ ಒಂದು ಪೈಪ್ ಹಾಕಿ ಡ್ರಮ್ಮಿಗೇ ಬಿಡಿ.